ಬೆರಳಿನ ಗುಳಿ

ವಿದ್ವಾನ್ ಭುಜಂಗಯ್ಯನವರ ಹಳೆಯ ಕ್ಲಾರಿನೆಟ್ಟಿನ ಕೀಗಳು ಬೆಳ್ಳಿಯ ಲೇಪ ಹಾಕಿಸಲೆಂದು ಮುಲಾಮಿನ ಅಂಗಡಿಗೆ ಬಂದವು. ಮುಲಾಮಿಗೆ ಮುಂಚೆ ಉಜ್ಜುವ ಚಕ್ರದ ಕೈಗೆ ಎಲ್ಲವೂ ಸಿಗಲೇಬೇಕು. ವಿದ್ವಾಂಸರ ಬೆರಳು ಒತ್ತಿ ಒತ್ತಿ ಬಿದ್ದಿದ್ದ ಗುಳಿಗಳನ್ನು ಕೀಗಳು ಖುಷಿಯಿಂದಲೇ ಸಮ ಮಾಡಿಸಿಕೊಂಡವು. ಕೊನೆಯಲ್ಲಿ ನಿಂತಿದ್ದ ಕೀ ಮಾತ್ರ ಹಿಂದೆ ಹಿಂದೆ ಸರಿಯುತ್ತಿತ್ತು.

"ಬಾ, ನಿನ್ನ ಕುಂದನ್ನೂ ಅಳಿಸಿಬಿಡುತ್ತೇನೆ," ಎಂದಿತು ಚಕ್ರ.

"ಮಹಾರಾಯ, ಇದು ಕುಂದಲ್ಲ, ಬೆರಳು ಕೂರುವ ಜಾಗ. ಅಳಿಸಿದರೆ ಯಜಮಾನರಿಗೆ ನನ್ನ ಗುರುತು ಹೇಗೆ ಸಿಗಬೇಕು?"

"ಬೆಳ್ಳಿಯ ಹೊಳಪು ಸಾಲದೆ?"

"ನುಡಿಸುವಾಗ ಅವರು ಕಣ್ಣು ಮುಚ್ಚಿರುತ್ತಾರೆ."

ಚಕ್ರ ಒಂದು ಸುತ್ತು ಯೋಚಿಸಿತು. ಆಮೇಲೆ ಗುಳಿಯ ಕೊಳೆಯನ್ನಷ್ಟೇ ಮೆಲ್ಲಗೆ ತೆಗೆದು ಬಿಟ್ಟುಕೊಟ್ಟಿತು.

ಹೊಸ ಬೆಳ್ಳಿ ತೊಟ್ಟು ಕೀಗಳೆಲ್ಲ ವಾದ್ಯಕ್ಕೆ ಮರಳಿದವು. ವಿದ್ವಾಂಸರು ಕಣ್ಣು ಮುಚ್ಚಿ ಊದಿದರೆ, ನುಣುಪಿನ ಮೇಲೆ ಬೆರಳು ಜಾರಿ ಬರೀ ಅಪಸ್ವರ! ಅಷ್ಟರಲ್ಲಿ ಒಂದು ಬೆರಳು ಹೋಗಿ ಗುಳಿಯಲ್ಲಿ ಕೂತಿತು. ಅದರ ಅಂದಾಜಿನ ಮೇಲೆ ಉಳಿದ ಬೆರಳುಗಳೂ ತಂತಮ್ಮ ಜಾಗ ಹಿಡಿದವು. ರಾಗ ಎದ್ದಿತು.

"ಅಕ್ಕಾ, ನಮ್ಮ ಗುಳಿಗಳನ್ನು ನಾವೇ ಕಳೆದುಕೊಂಡೆವಲ್ಲ!" ಎಂದು ಪಕ್ಕದ ಕೀ ಕೊರಗಿತು.

"ಮತ್ತೆ ಬೀಳುತ್ತವೆ ತಂಗೀ. ಯಜಮಾನರು ನಾಳೆಯೂ ನುಡಿಸುತ್ತಾರೆ."