ದೇಸಾಯಿ ಆಗಬೇಕಿದ್ದ ನವಾಬ

ಧಾರವಾಡದ ಕಡೆ ಒಂದು ಕಾಲೇಜಿನಲ್ಲಿ ಸತ್ತ ಚಿಟ್ಟೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿ, ಒಂದೊಂದಕ್ಕೂ ಸರಿಯಾದ ಹೆಸರಿನ ಚೀಟಿ ಹಚ್ಚುವ ಕೆಲಸ ಸುಮಿತ್ರಾಳದು. ಅವಳಿಗೆ ಆ ಕೆಲಸವೆಂದರೆ ಬಲು ಇಷ್ಟ. ಆದರೆ ಅದು ಇನ್ನೂ ಖಾಯಂ ಆಗಿರಲಿಲ್ಲ.

ಈ ಚಿಟ್ಟೆಗಳ ಪ್ರದರ್ಶನದ ಉದ್ಘಾಟನೆಗೆ ಬಂದ ಆಡಳಿತ ಮಂಡಳಿಯ ಅಧ್ಯಕ್ಷ ದೇಸಾಯರು ಎಲ್ಲಕ್ಕಿಂತ ಚೆಂದದ ಚಿಟ್ಟೆಯ ಮುಂದೆ ನಿಂತರು.

"ಇದರ ಹೆಸರೇನವಾ?"

"ನವಾಬ ಅಂತ್ರಿ."

"ನವಾಬರ ಕಾಲ ಹೋತು. ಪೆಟಗಿ ಕೊಡಿಸಿದಾವ ನಾನು. 'ದೇಸಾಯಿ' ಅಂತ ಬರಿ. ಪೇಪರಿನವರು ಬರೂದರಾಗ ಆಗಬೇಕು."

ಆಗುವುದಿಲ್ಲ ಎಂದರೆ ಕೆಲಸ ಹೋಗುತ್ತದೆ. ಹೂಂ ಎಂದರೆ ಹುಡುಗರು ತಪ್ಪು ಹೆಸರು ಕಲಿಯುತ್ತಾರೆ. ಸುಮಿತ್ರಾ ನಗುತ್ತಲೇ ಹೊಸ ಚೀಟಿ ಬರೆದು ಅವರ ಕೈಗಿಟ್ಟಳು. "ತಪ್ಪಿದ್ರ ಹೇಳ್ರಿ, ಸಾಹೇಬ್ರ."

ದೇಸಾಯರು ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಓದಿದರು. "ದೇಸಾಯಿ. ಗಂಡು. ಕೊಳೆತ ಹಣ್ಣು, ಸಗಣಿ ಇದರ ಅಚ್ಚುಮೆಚ್ಚಿನ ಆಹಾರ. ಎಮ್ಮೆ ಸಗಣಿಯ ಮೇಲೆ ಮೈಮರೆತು ಕೂತಿದ್ದಾಗ ಸಿಕ್ಕಿದ್ದು."

ಹಿಂದೆ ನಿಂತಿದ್ದ ಪ್ರಾಧ್ಯಾಪಕರಿಗೆಲ್ಲ ಒಮ್ಮೆಗೇ ಕೆಮ್ಮು ಬಂತು.

"ಇದೇನಿದು! ಸಗಣಿ ತಗಿ!"

"ಎಲ್ಲಿ ಸಿಕ್ತು, ಏನು ತಿಂತೈತಿ ಅಂತ ಬರೀದಿದ್ರ ಅದು ಚೀಟೀನ ಅಲ್ರಿ. ನವಾಬನ ಚೀಟ್ಯಾಗೂ ಇದ ಇತ್ರಿ. ನಾ ಬರೇ ಹೆಸರು ಬದಲು ಮಾಡೇನಿ."

ದೇಸಾಯರು ಚೀಟಿ ಮಡಚಿ ಜೇಬಿಗೆ ಸೇರಿಸಿದರು. "ನವಾಬನ ಇರಲಿ ಬಿಡವಾ."

ಆಮೇಲೆ ಪೇಪರಿನವರ ಮುಂದೆ ಅವರು ಭಾಷಣ ಮಾಡಿದರು. "ಚಿಟ್ಟಿಗೆ ನನ್ನ ಹೆಸರು ಇಡತೀವಿ ಅಂತ ಎಲ್ಲಾರೂ ಗಂಟುಬಿದ್ರು. ನನಗ ಹೆಸರಿನ ಆಸೆ ಇಲ್ಲ, ಬ್ಯಾಡ ಅಂದೆ!"

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಸುಮಿತ್ರಾ.