ಹಿರಿಯ ಮಾತುಗಳಿಗೆ ಕೈಮುಗಿದ ಯಜ್ಞಣ್ಣ

ಪೆದ್ದರು ಊರಿಗೆ ಹತ್ತು ಮಂದಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಪೆದ್ದ ಮಾತ್ರ ಒಬ್ಬನೇ, ನಮ್ಮ ಯಜ್ಞಣ್ಣ. ಮೀಸೆ ಬಲಿತರೂ ಬುದ್ಧಿ ಬಲಿಯಲಿಲ್ಲ ಅಂತ ತಾಯಿ ಗೌರಕ್ಕ ಅವನನ್ನು ಸಂಸ್ಕೃತ ಪಾಠಶಾಲೆಗೆ ಹಾಕಿದಳು. ಅಲ್ಲಿ ಓದುವವರಿಗೆ ವಾರಾನ್ನ, ದಿನಕ್ಕೊಂದು ಮನೆಯಲ್ಲಿ ಊಟ. ಪರೀಕ್ಷೆಯಲ್ಲಿ ಶಬ್ದ ಒಪ್ಪಿಸದವನಿಗೆ ಪಾಠಶಾಲೆಯೂ ಇಲ್ಲ, ಊಟವೂ ಇಲ್ಲ.

"ಗುರುಗಳು ಹೇಳಿದ ಹಾಗೇ ಮಾಡಪ್ಪ" ಅಂದಳು.

ಗುರು ನರಹರಿ ಶಾಸ್ತ್ರಿಗಳು ರಾಮಃ, ರಾಮೌ, ರಾಮಾಃ ಅಂತ ರಾಮಶಬ್ದ ಹೇಳಿಕೊಟ್ಟು, "ಉಳಿದದ್ದನ್ನೂ ಹೀಗೇ ಹೇಳು" ಅಂದರು. ಹಾದಿಗೆ ಪಥಿನ್ ಅಂತ ಒಂದು ಶಬ್ದ. ಯಜ್ಞಣ್ಣ ಅದನ್ನೂ ಹಾಗೇ ಎಳೆದ, "ಪಥಿನಃ, ಪಥಿನೌ, ಪಥಿನಾಃ."

"ಅಯ್ಯೋ ಮಂಕೇ, ಅದು ಪಂಥಾಃ, ಪಂಥಾನೌ, ಪಂಥಾನಃ. ಮುಂದೆ ಹೋದರೆ ಪಥಾ. ಇನ್ನು ನೀರಿನ ಶಬ್ದಕ್ಕೆ ಒಂದು ಅನ್ನುವುದೇ ಇಲ್ಲ, ಯಾವಾಗಲೂ ಹಲವು. ಇವೆಲ್ಲ ಬಹಳ ಹಳೆಯವು ಕಣೋ. ವ್ಯಾಕರಣ ಹುಟ್ಟುವ ಮೊದಲೇ ಜನರ ಬಾಯಲ್ಲಿದ್ದವು. ಹಳೆಯದನ್ನು ತಿದ್ದಬಾರದು. ಅದು ಹೇಗಿದೆಯೋ ಹಾಗೇ ಬಿಡಬೇಕು."

ಯಜ್ಞಣ್ಣನಿಗೆ ಮೈ ಜುಮ್ಮೆಂದಿತು. ಹೋಗಿ ಬಾವಿ ಬಗ್ಗಿ ಆ ಹಲವು ನೀರನ್ನು ನೋಡಿದ, ಬಹಳ ಹೊತ್ತು ನೋಡಿದ.

ಮಂಗಳವಾರದ ಮನೆಯಲ್ಲಿ ತೊಂಬತ್ತರ ಅಜ್ಜ ಪಕ್ಕದ ಎಲೆಗೆ ಕೂತಿದ್ದರು. ತುಪ್ಪ ಅಂತ ಹರಳೆಣ್ಣೆ ಸುರಿದುಕೊಂಡರು. ಯಜ್ಞಣ್ಣ ನೋಡಿದ, ಹಳೆಯವರು, ತಿದ್ದಬಾರದು ಅಂತ ಸುಮ್ಮನಿದ್ದ. ಅಜ್ಜ ಎರಡು ದಿನ ಹಿತ್ತಲಲ್ಲೇ ಕಳೆದರು. ಮಂಗಳವಾರದ ಊಟ ತಪ್ಪಿತು.

ಗೌರಕ್ಕ ಹಣೆ ಚಚ್ಚಿಕೊಂಡಳು. "ಹಿರಿಯರು ಅಂದರೆ ಗೌರವ ಬೇಡವೇನೋ? ಕಂಡರೆ ಎದ್ದು ನಿಲ್ಲು. ಕೈಮುಗಿ. ಅವರ ಹೆಸರು ಬಾಯಲ್ಲಿ ಎತ್ತಬೇಡ."

"ಆಗಲಮ್ಮ" ಅಂದ.

ಪರೀಕ್ಷೆಯ ದಿನ ಬಂತು. ಹೊರಗೆ ಎಲೆ ಹಾಕಿತ್ತು, ಒಳಗೆ ಪರೀಕ್ಷಕರು ಕೂತಿದ್ದರು. "ಪಥಿನ್" ಅಂದರು. ಯಜ್ಞಣ್ಣ ಎದ್ದು ಕೈಮುಗಿದ. "ಅಹನ್" ಅಂದರು, ಹಗಲಿಗೆ ಅಂಥದೇ ಹಳೆಯ ಶಬ್ದ. ಬಗ್ಗಿ ನಮಸ್ಕರಿಸಿದ. ನೀರಿನ ಶಬ್ದ ಕೇಳಿದಾಗ ಅವನ ಕಣ್ಣೇ ತುಂಬಿತು. ಬಾಯಿ ಮಾತ್ರ ಬಿಡಲಿಲ್ಲ.

"ಬರುವುದಿಲ್ಲವೋ?"

"ಎಲ್ಲ ಬರುತ್ತೆ ಸ್ವಾಮಿ. ಅಷ್ಟು ಹಿರಿಯರ ಹೆಸರು ನಾನು ಹೇಗೆ ಹೇಳಲಿ?"

ಯಾರೋ ನಕ್ಕರು. ಪರೀಕ್ಷಕರು ನಗಲಿಲ್ಲ. "ನಲವತ್ತು ವರ್ಷ ಬಾಯಿಪಾಠ ಒಪ್ಪಿಸಿದೆ, ಒಂದು ದಿನವೂ ಇವುಗಳಿಗೆ ಎದ್ದು ನಿಲ್ಲಲಿಲ್ಲ" ಅಂದುಕೊಂಡರು. ಆಮೇಲೆ ಮೆತ್ತಗೆ ಹೇಳಿದರು, "ಆ ಹಿರಿಯರ ಅಪ್ಪಣೆ ಕೇಳಿಕೊಂಡು ಒಂದನ್ನಾದರೂ ಹೇಳಪ್ಪ. ನಿನ್ನ ಊಟ ಉಳಿಯುತ್ತೆ."

ಯಜ್ಞಣ್ಣ ಕಣ್ಣು ಮುಚ್ಚಿ ಅಪ್ಪಣೆ ಕೇಳಿದ.

ಹೊತ್ತು ಏರಿತು. ಒಬ್ಬ ನಿಂತಿರುವಾಗ ಪಂಕ್ತಿ ಶುರುವಾಗುವಂತಿಲ್ಲ, ಅದು ಅಲ್ಲಿಯ ಪದ್ಧತಿ. ಪರೀಕ್ಷಕರು, ಶಾಸ್ತ್ರಿಗಳು, ಎಲ್ಲರೂ ಎಲೆಯ ಮುಂದೆ ಕೂತು ಕಾದರು. ಸಾರು ಆರಿತು. ಕೊನೆಗೆ ಗೌರಕ್ಕನನ್ನೇ ಕರೆಸಿದರು. "ಇವನ ಎಲೆ ಯಾರೂ ತೆಗೆಯುವುದಿಲ್ಲಮ್ಮ, ಇವನನ್ನು ಒಮ್ಮೆ ಕೂರಿಸು" ಅಂದರು ಪರೀಕ್ಷಕರು.

"ಇನ್ನೂ ಯಾಕೋ ನಿಂತಿದ್ದೀಯ?" ಅಂದಳು ಗೌರಕ್ಕ.

ಯಜ್ಞಣ್ಣ ಪಿಸುಗುಟ್ಟಿದ, "ಇನ್ನೂ ಅಪ್ಪಣೆ ಕೊಟ್ಟಿಲ್ಲಮ್ಮ. ಬಹಳ ವಯಸ್ಸಾದವರು ನೋಡು, ಕಿವಿ ಮಂದ ಇರಬೇಕು."