ಚುಕ್ಕೆ ಎಂದರೆ ಒಂದು ಏಟು

"ಮೇಷ್ಟ್ರೇ, ಮೈ ಒರಟು ಎಂದು ನಕ್ಷೆಯಲ್ಲಿ ಇನ್ನು ಹೇಗೆ ತೋರಿಸಬೇಕು?"

ರತ್ನಮಾಲ ಕೇಳಿದಳು. ಬಸ್ಸಿನ ಮೆಟ್ಟಿಲಿಗೆ ಹಾಕುವ ಉಕ್ಕಿನ ತಗಡು. ಕಾಲು ಜಾರದಂತೆ ಅದರ ಮೇಲ್ಮೈ ಒರಟಾಗಿರಬೇಕು. ಅವಳು ಬರೆದ ನಕ್ಷೆಯನ್ನು ಕಾರ್ಖಾನೆಯವರು ಮೂರನೆಯ ಸಲ ತಿರುಗಿ ಕಳಿಸಿದ್ದರು. ಇನ್ನೊಮ್ಮೆ ಹೀಗೇ ಬಂದರೆ ಕೆಲಸ ಬೇರೆಯವರ ಪಾಲು ಎಂದು ಚೀಟಿಯನ್ನೂ ಅಂಟಿಸಿದ್ದರು.

ನಿಂಗೋಜಿ ಮೇಷ್ಟ್ರು ಕಂಪ್ಯೂಟರಿನ ಪರದೆಯತ್ತ ಬಗ್ಗಿದರು. ತಗಡಿನ ಮೇಲ್ಮೈ, ಅಡಿಮೈ, ಅಂಚು, ಎಲ್ಲ ಕಡೆಯೂ ಒತ್ತೊತ್ತಾಗಿ ಗೀರುಗಳು. ಬೋಲ್ಟಿನ ತೂತುಗಳು ಎಲ್ಲಿವೆ ಎಂದು ಹುಡುಕಿದರು. ಸಿಗಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ಹುಡುಕಿದರು. ತಪ್ಪು ಕನ್ನಡಕದ್ದಾಗಿರಲಿಲ್ಲ.

"ಇಷ್ಟು ಯಾಕೆ ಬಳಿದಿದ್ದೀಯ?"

"ನಾನೆಲ್ಲಿ ಬಳಿದೆ, ಮೇಷ್ಟ್ರೇ? ಒಂದು ಸಲ ಒತ್ತಿದರೆ ಅದೇ ತುಂಬಿಕೊಳ್ಳುತ್ತದೆ. ಮೂಲೆಯಲ್ಲಿ ಒಂದಿಷ್ಟು ಹಾಕಿ ಬಿಟ್ಟರೆ ಅರ್ಧ ಬರೆದ ಹಾಗೆ ಕಾಣುತ್ತದೆ."

ಈ ಮಾತನ್ನು ಮೇಷ್ಟ್ರು ನಲವತ್ತು ವರ್ಷಗಳಿಂದ ಕೇಳುತ್ತಿದ್ದರು. ಪೆನ್ಸಿಲಿನ ಕಾಲದಲ್ಲಿ ಬಳಿಯುವವನ ಕೈಯಾದರೂ ನೋಯುತ್ತಿತ್ತು. ಎಲ್ಲೋ ಒಂದು ಕಡೆ ನಿಲ್ಲಿಸುತ್ತಿದ್ದ. ಈಗ ಅದೂ ಇಲ್ಲ. ಬೈಯುವುದಕ್ಕಿಂತ ಕತೆ ಹೇಳುವುದೇ ಕಡಿಮೆ ಆಯಾಸ ಎಂದುಕೊಂಡು ಅವರು ಕುರ್ಚಿ ಎಳೆದು ಕೂತರು.

"ಕೇಳು" ಎಂದರು.

ಒಂದು ಊರು. ಊರಿಗೊಂದು ಹೊಳೆ. ಹೊಳೆಗೆ ಇಳಿಯಲು ಹದಿನೆಂಟು ಮೆಟ್ಟಿಲು. ಜನ ತುಳಿದು ತುಳಿದು ಅವು ಕನ್ನಡಿಯಂತಾಗಿದ್ದವು. ಆ ಊರಿನ ಒಬ್ಬ ನಕ್ಷೆಗಾರನ ತಾಯಿ ತುಂಬಿದ ಕೊಡ ಹೊತ್ತು ಬರುವಾಗ ಅಲ್ಲಿ ಜಾರಿ ಬಿದ್ದಳು. ಕೈ ಮುರಿಯಿತು. ಮುರಿದ ಕೈ ಕೂಡಿಕೊಂಡಿತು. ಅವಳು ಹೊಳೆಗೆ ಹೋಗುವುದನ್ನು ಬಿಡಲಿಲ್ಲ. ಮಗ ತಂದ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎನ್ನುತ್ತಿದ್ದಳು.

ಹೊಸ ಮೆಟ್ಟಿಲು ಹಾಕಿಸಬೇಕೆಂದು ಊರವರು ನಿಶ್ಚಯಿಸಿದರು. ಒಳ್ಳೆಯ ಕಲ್ಲು ಇದ್ದದ್ದು ಎರಡು ದಿನದ ದಾರಿಯಲ್ಲಿ. ಕಲ್ಲುಕುಟಿಗನೂ ಅಲ್ಲಿಯವನೇ. ಅವನು ಈ ಊರನ್ನು ಕಂಡವನಲ್ಲ. ಚಪ್ಪಡಿಗಳನ್ನು ಕಡಿದು ಕಳಿಸಲು ಅವನಿಗೆ ನಕ್ಷೆ ಬೇಕಿತ್ತು.

ನಕ್ಷೆಗಾರ ಬರೆಯಲು ಕೂತ. ತಾಯಿ ಇನ್ನೊಮ್ಮೆ ಜಾರಬಾರದು. ಒರಟು ಎಂದು ತಿಳಿಯಲಿ ಎಂದು ಚಪ್ಪಡಿಯ ಮೇಲ್ಮೈಗೆ ಚುಕ್ಕೆ ಇಟ್ಟ. ಅದು ಚೆನ್ನಾಗಿ ಕಂಡಿತು. ಪಕ್ಕದ ಮೈ ಬೋಳಾಗಿ ಕಂಡಿತು. ಅದಕ್ಕೂ ಇಟ್ಟ. ಅಡಿಮೈಯೊಂದು ಯಾಕೆ ಉಳಿಯಬೇಕು ಎಂದು ಅದಕ್ಕೂ ಇಟ್ಟ. ಎಂಟು ದಿನ ಇಟ್ಟ. ನೋಡಿದವರೆಲ್ಲ "ಥೇಟು ಕಲ್ಲೇ" ಎಂದರು. ಅವನು ಹಿಗ್ಗಿದ.

ಎರಡು ತಿಂಗಳಿಗೆ ಬರಬೇಕಾದ ಚಪ್ಪಡಿಗಳು ಆರು ತಿಂಗಳಿಗೆ ಬಂದವು. ಊರವರು ಹಳೆಯವನ್ನು ಕಿತ್ತು ಹೊಸವನ್ನು ಕೂರಿಸಿದರು. ತಾಯಿ ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟಳು. ಕಾಲು ಜಾರಲಿಲ್ಲ. ಆದರೆ ಕಲ್ಲು ಕಟಕ್ಕೆಂದು ಒಂದು ಮಗ್ಗುಲಿಗೆ ವಾಲಿತು. ಎರಡನೆಯದೂ ವಾಲಿತು. ಅವಳು ಕೊಡ ಎತ್ತಿಕೊಂಡು ಮೇಲಕ್ಕೆ ಬಂದಳು.

"ಹಳೆಯವು ಜಾರುತ್ತಿದ್ದವು, ಮಗ. ನೀನು ತೊಟ್ಟಿಲು ಮಾಡಿಸಿದ್ದೀಯ" ಎಂದಳು.

ಅಂದಿನಿಂದ ಅವಳು ಪಕ್ಕದ ಕೆಸರಿನ ದಂಡೆಯಲ್ಲಿ ಇಳಿಯತೊಡಗಿದಳು. ಅಲ್ಲಿ ಹಿಡಿದುಕೊಳ್ಳಲು ಒಂದು ಗಿಡವೂ ಇರಲಿಲ್ಲ.

ನಕ್ಷೆಗಾರ ಎರಡು ದಿನ ನಡೆದು ಹೋಗಿ ಕಲ್ಲುಕುಟಿಗನ ಮುಂದೆ ನಿಂತ.

"ಅಡಿಮೈಗೂ ಯಾಕಪ್ಪ ಚಾಣ ಹೊಡೆದೆ? ಒಂದು ಕಲ್ಲಾದರೂ ನೆಟ್ಟಗೆ ಕೂರುತ್ತಿಲ್ಲ."

ಕಲ್ಲುಕುಟಿಗ ಒಳಗಿನಿಂದ ನಕ್ಷೆ ತಂದು ನೆಲದ ಮೇಲೆ ಹಾಸಿದ.

"ನಮ್ಮಲ್ಲಿ ಚುಕ್ಕೆ ಎಂದರೆ ಚಾಣದ ಒಂದು ಏಟು. ನೀನು ಇಟ್ಟಷ್ಟನ್ನೂ ಹೊಡೆದಿದ್ದೇನೆ. ಪಕ್ಕದಲ್ಲಿ ಕೂತು ಎಣಿಸಿದವಳು ನನ್ನ ಹೆಂಡತಿ. ಬೇಕಾದರೆ ಕೇಳಿ ನೋಡು. ಆದರೆ ನಕ್ಷೆ ಬರೆದವನು ನೀನೇ ಎಂದು ಅವಳಿಗೆ ಹೇಳಬೇಡ, ಊಟ ಹಾಕುವುದಿಲ್ಲ."

"ಅಡಿಯಲ್ಲಿ ಇಟ್ಟದ್ದು ಒರಟಿಗಲ್ಲ. ಕಲ್ಲು ಕಲ್ಲಿನಂತೆ ಕಾಣಲಿ ಎಂದು."

ಕಲ್ಲುಕುಟಿಗ ಅವನ ಮುಖವನ್ನೇ ನೋಡಿದ. ಸುತ್ತ ನಾಲ್ಕು ಆಳೆತ್ತರ ಕಲ್ಲಿನ ರಾಶಿ ಬಿದ್ದಿತ್ತು.

"ಕಲ್ಲು ಹೇಗಿರುತ್ತದೆ ಎಂದು ನನಗೆ ಬರೆದು ಕಳಿಸಿದೆಯಾ?"

ಅವನು ಇದ್ದಿಲಿನ ಚೂರು ತೆಗೆದುಕೊಂಡು ಒಂದು ಬಂಡೆಯ ಮೇಲೆ ಚಪ್ಪಡಿಯ ಅಂಚುಗಳನ್ನಷ್ಟೇ ದಪ್ಪಗೆ ಎಳೆದ. ಮೇಲ್ಮೈಯ ಒಂದು ಮೂಲೆಯಲ್ಲಿ ಅಂಗೈಯಗಲ ಜಾಗದಲ್ಲಿ ಮಾತ್ರ ಚುಕ್ಕೆಗಳನ್ನು ಇಟ್ಟ. ಅಲ್ಲಿಂದ ಹೊರಕ್ಕೆ ಒಂದು ಗೆರೆ ತಂದು, ಅದರ ತುದಿಗೆ ಬರೆದ: ಈ ಮೈಯೆಲ್ಲ ಹೀಗೆ, ಉಳಿದದ್ದು ನುಣುಪು. ಇದ್ದಿಲನ್ನು ಎಸೆದು ಕೈ ಒರೆಸಿಕೊಂಡ. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಆಗಿರಲಿಲ್ಲ.

ಹದಿನೆಂಟು ಚಪ್ಪಡಿಗಳನ್ನು ಮತ್ತೆ ಕಿತ್ತು, ಮಗುಚಿ, ಅಡಿಯನ್ನು ತಟ್ಟಿ ಸಮ ಮಾಡುವುದರೊಳಗೆ ಹೊಳೆ ಏರಿ, ಕೂರಿಸುವ ಕೆಲಸ ನಿಂತಿತು. ಆ ವರ್ಷವೆಲ್ಲ ತಾಯಿ ಕೆಸರಿನಲ್ಲೇ ಇಳಿದಳು. ಮಗ ಹಿಂದೆ ಹಿಂದೆ ನಡೆದ. ಕೊಡ ಕೊಡು ಎಂದರೆ ಅವಳು ಕೊಡಲಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿದರು. ರತ್ನಮಾಲಳಿಗೆ ನಕ್ಷೆಗಾರನ ಮೇಲೆ ಕನಿಕರ ಬಂದಂತಿತ್ತು.

"ಅಲ್ಲ ಮೇಷ್ಟ್ರೇ, ಅಡಿಮೈ ಒರಟಾದರೆ ಮೆಟ್ಟಿಲು ಕೂರುವುದಿಲ್ಲ ಎಂದು ಕಲ್ಲುಕುಟಿಗನಿಗೆ ಗೊತ್ತಿರಬೇಕಿತ್ತಲ್ಲ?"

ಮೇಷ್ಟ್ರು ಎದ್ದರು.

"ಎಲ್ಲ ಗೊತ್ತಿದ್ದವನಿಗೆ ನಕ್ಷೆ ಯಾಕಮ್ಮ?"

ರತ್ನಮಾಲ ಪರದೆಯತ್ತ ತಿರುಗಿ ಅಡಿಮೈಯ ಗೀರುಗಳನ್ನು ಅಳಿಸತೊಡಗಿದಳು.